ಮುದ್ರೆಯಲ್ಲಿ ಒಂದು ಹಕ್ಕಿ

ಲೈಪ್‌ಜಿಗ್, ಐಸನ್‌ಬಾನ್ ಬೀದಿ, ಮೂರನೇ ಮಹಡಿ.
ಕೆಳಗೆ ರೊಟ್ಟಿಯಂಗಡಿ, ಮೇಲೆ ನಾನು:
ಅರಬ್ಬಿಯಿಂದ ಜರ್ಮನ್‌ಗೆ, ಕೋರ್ಟಿನೆದುರು ಆಣೆ ಮಾಡಿದ ಅನುವಾದಕ.
ಸಾಲಿಗಿಷ್ಟು ದರ. ಮುದ್ರೆಯೂ ಸೇರಿ.

ವಿಸಾಲ್ ಬಂದದ್ದು ನವೆಂಬರಿನಲ್ಲಿ,
ಹಸಿರು ಫೈಲನ್ನು ಕೋಟಿನೊಳಗೆ ಹೊಟ್ಟೆಗೊತ್ತಿಕೊಂಡು.
ಅಲೆಪ್ಪೊದಲ್ಲಿ ಐದು ವರ್ಷದ ಓದು,
ರಕ್ಕಾದಲ್ಲಿ ಹದಿನಾಲ್ಕು ವರ್ಷ ಸ್ವಂತ ಔಷಧದಂಗಡಿ,
ಈಗ ಸೂಪರ್‌ಮಾರ್ಕೆಟ್ಟಿನ ಶಾಂಪೂ ಸಾಲು, ಬೆಳಗಿನ ಪಾಳಿ.

ಅರಬ್ಬಿಯಲ್ಲಿ ನಾಲ್ಕೇ ಅಕ್ಷರ ಅವಳ ಹೆಸರು.
ರೋಮನ್ ಲಿಪಿಗೆ ದಾಟುವಾಗ ಕವಲೊಡೆದಿದೆ:
ಪದವಿಪತ್ರದಲ್ಲಿ ವೆಸಾಲ್,
ಪಾಸ್‌ಪೋರ್ಟಿನಲ್ಲಿ ವಿಸ್ಸಾಲ್,
ಜನನಪತ್ರದಲ್ಲಿ ಯಾರೋ ಪುಣ್ಯಾತ್ಮ ಉಯಿಸಾಲ್ ಮಾಡಿಟ್ಟಿದ್ದಾನೆ.
ಮೂವರೂ ಒಬ್ಬಳೇ ಎನ್ನಲು ನಾಲ್ಕನೆಯ ಕಾಗದ ಬೇಕು.
"ಅದರಲ್ಲಿ ಹೇಗೆ ಬರೀತೀರಿ?" ಅಂದಳು.
ತಮಾಷೆಯೋ ಏನೋ, ತಿಳಿಯಲಿಲ್ಲ.

ನಿಯಮ ಇಷ್ಟೇ: ಇದ್ದದ್ದನ್ನು ಬರೆ, ಇಲ್ಲದ್ದು ಬೇಡ.
"ದುಂಡು ಮುದ್ರೆ. ಚಿತ್ರ: ಒಂದು ಹಕ್ಕಿ. ಉಳಿದದ್ದು ಓದಲಾಗದು"
ಎಂದು ಬರೆದೆ.
ಎರಡನೇ ಪುಟದ ಮೂಲೆಯಲ್ಲಿ ಕಂದು ಬಣ್ಣ.
"ಕಲೆ" ಎಂದು ಬರೆದೆ.
"ಅಯೋಡಿನ್," ಎಂದಳು, "ಅಂಗಡಿಯ ಕಪಾಟು ಬಿದ್ದ ದಿನದ್ದು."
ಕಲೆ ಎಂದೇ ಉಳಿಯಿತು.

ಇಲಾಖೆ ಕೇಳುತ್ತದೆ: ಸಸ್ಯಗಳ ಪ್ರಯೋಗ ಎಷ್ಟು ತಾಸು?
ಮುಲಾಮು ತಯಾರಿ ಎಷ್ಟು? ವಿಷಗಳ ಪಾಠ ಎಷ್ಟು?
ವಿಶ್ವವಿದ್ಯಾಲಯದಿಂದಲೇ ಬರಬೇಕು, ಮುಚ್ಚಿದ ಲಕೋಟೆಯಲ್ಲಿ.
ಅಲ್ಲಿಯ ಗುಮಾಸ್ತ ಒಂದು ಸಲ ಫೋನೆತ್ತಿ
"ಕರೆಂಟು ಬಂದಾಗ ಹುಡುಕೋಣ ತಾಯಿ" ಅಂದನಂತೆ.
ಮತ್ತೆ ಎತ್ತಲಿಲ್ಲ.
ಅವಳೇ ಬೆರಳು ಮಡಚುತ್ತ ಎಣಿಸಿದಳು:
ಭಾನುವಾರ ಕುಟ್ಟಾಣಿ, ಮಂಗಳವಾರ ತಕ್ಕಡಿ,
ಗುರುವಾರ ಮಧ್ಯಾಹ್ನ ಎಲೆಯ ಸೀಳು, ಸೂಕ್ಷ್ಮದರ್ಶಕ…
ನಾನು ಬರೆದುಕೊಳ್ಳಲಿಲ್ಲ. ಬಾಯಿಮಾತಿಗೆ ಮುದ್ರೆಯಿಲ್ಲ.

ಆಗ ಅವಳ ಕಣ್ಣು ಮೇಜಿನ ಮೇಲಿನ ಮಾತ್ರೆಗಳಿಗೆ ಹೋಯಿತು.
ನನ್ನ ಅಮ್ಮನವು, ಎರಡು ಪಟ್ಟಿ, ಪ್ರಿಂಟರಿನ ಪಕ್ಕ.
"ಇವೆರಡನ್ನೂ ಒಬ್ಬರೇ ನುಂಗುತ್ತಾರಾ?"
ದನಿ ಬೇರೆಯಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತಿದ್ದವಳು
ಕೌಂಟರಿನ ಹಿಂದೆ ನಿಂತವಳಾದಳು.
ರಕ್ತ ತೆಳುವಾಗಿಸಲು ಒಂದು, ಮಂಡಿನೋವಿಗೆ ಇನ್ನೊಂದು.
ಎಷ್ಟು ದಿನದಿಂದ? ವಸಡಿನಲ್ಲಿ ರಕ್ತವೇ? ಮಲ ಕಪ್ಪಗಿದೆಯೇ?
ನಾನು ಬಾಯಿ ತೆರೆಯುವ ಮೊದಲೇ ತಾನು ಬಾಯಿ ಮುಚ್ಚಿಕೊಂಡು
"ಸಲಹೆ ಕೊಡುವ ಅನುಮತಿ ನನಗಿಲ್ಲ" ಎಂದಳು, ಜರ್ಮನ್‌ನಲ್ಲಿ,
ಪರೀಕ್ಷೆಗೆ ಬಾಯಿಪಾಠ ಮಾಡಿದ ವಾಕ್ಯದಂತೆ.
ಮತ್ತೆ ಅರಬ್ಬಿಗೆ ಇಳಿದು:
"ಮೂಲೆಯ ಅಂಗಡಿಯಲ್ಲಿ ಕೇಳಿ. ಇವತ್ತೇ. ಬಾಗಿಲು ಹಾಕುವ ಮೊದಲು."

ಕೆಂಪು ಅಕ್ಷರದ ಫಲಕದ ಕೆಳಗೆ ಬಿಳಿ ಕೋಟಿನ ಹುಡುಗ
ಅದೇ ಮೂರು ಪ್ರಶ್ನೆ ಕೇಳಿದ,
ಒಂದು ಪಟ್ಟಿಯನ್ನು ಪಕ್ಕಕ್ಕಿಟ್ಟು ವೈದ್ಯರಿಗೆ ಫೋನು ಹಚ್ಚಿದ.

ಇದನ್ನೆಲ್ಲಿ ಬರೆಯಲಿ? ಮೂಲದಲ್ಲಿ ಇಲ್ಲ.
ಕೊನೆಯ ಪುಟಕ್ಕೆ ಸಾವಿರ ಸಲ ಬರೆದ ಸಾಲು:
"ಮೇಲಿನ ಅನುವಾದ ಸರಿಯಾಗಿದೆ, ಪೂರ್ಣವಾಗಿದೆ."
ಕೊನೆಯ ಪದದ ಬಳಿ ಪೆನ್ನು ತುಸು ತಡೆಯಿತು.
ಸಹಿ ಹಾಕಿದೆ. ಹಾಕದಿದ್ದರೆ ಫೈಲು ಮುಂದೆ ಹೋಗದು.

ಶುಕ್ರವಾರ ಬಂದು ಒಯ್ದಳು.
ಹಣ ಬೇಡವೆಂದೆ, ತಲೆಯಾಡಿಸಿದಳು, ಒಪ್ಪಿದಳೆಂದುಕೊಂಡೆ.
ಹೋದ ಮೇಲೆ ನೋಡಿದರೆ ಪ್ರಿಂಟರಿನ ಮೇಲೆ
ನನ್ನದೇ ರಸೀದಿಯ ಪೊಟ್ಟಣ:
ಪುಡಿ ಔಷಧ ಕಟ್ಟುವವರ ಮಡಿಕೆ,
ತುದಿಗಳನ್ನು ಒಂದರೊಳಗೊಂದು ಸಿಕ್ಕಿಸಿ.
ತಲೆಕೆಳಗು ಮಾಡಿ ಕೊಡವಿದೆ.
ಒಂದು ನಾಣ್ಯವೂ ಉದುರಲಿಲ್ಲ.