ಬಾಕಿ ಚಿಲ್ಲರೆ

ಮೂವತ್ತೊಂದು ವರ್ಷ ಸ್ಟೇಟ್‌ಬ್ಯಾಂಕಿನಿಂದ ಉಳ್ಳಾಲಕ್ಕೆ
ಫುಟ್‌ಬೋರ್ಡಿನಲ್ಲಿ ನಿಂತೇ ಹೋದವನು ನಾನು.
ಚಿಲ್ಲರೆ ಇಲ್ಲದಾಗ
ಟಿಕೆಟಿನ ಬೆನ್ನಿಗೆ ಬರೆದುಕೊಡುತ್ತಿದ್ದೆ: ಎರಡು, ಮೂರು, ಏಳು.
ಇಳಿಯುವಾಗ ಕೇಳದೆ ಹೋದವರೂ ಇದ್ದರು.
ಅವರ ಮುಖ ನೆನಪಿಲ್ಲ. ಮೊತ್ತ ಮಾತ್ರ
ಒಮ್ಮೊಮ್ಮೆ ರಾತ್ರಿ ಎರಡಕ್ಕೆ ಎಬ್ಬಿಸುತ್ತದೆ.

ಮೊಣಕಾಲು ಹೋದ ಮೇಲೆ
ಜೆಪ್ಪಿನ ಮನೆ ಹಿಂದಿನ ಮೂರು ಸೆಂಟ್ಸಿಗೆ ಇಳಿದೆ.
ಒಂದು ಕಾಲಕ್ಕೆ ಅಲ್ಲಿ ಕೊರಗಪ್ಪ ಮೇಸ್ತ್ರಿಯ ಬ್ಯಾಟರಿ ಅಂಗಡಿ.
ಲಾರಿ ಬ್ಯಾಟರಿ ಒಡೆದು, ಸೀಸ ಕರಗಿಸಿ
ಅಚ್ಚಿಗೆ ಹೊಯ್ಯುತ್ತಿದ್ದ. ಆ ಹೊಗೆಗೆ
ನಮ್ಮ ಪೇರಳೆ ಮರ ಒಂದು ಮಗ್ಗುಲಲ್ಲಿ ಕಾಯಿ ಬಿಡುತ್ತಿರಲಿಲ್ಲ.
ಅವನು ಹೋದ, ಅಂಗಡಿ ಹೋಯಿತು,
ತಗಡು ಗುಜರಿಗೆ ಹೋಯಿತು.
ನೆಲ ಎಲ್ಲಿಗೆ ಹೋದೀತು?

ಹರಿವೆ ಬಂತು ನೋಡಿ, ಕೆಂಪಗೆ, ಮೊಣಕೈಯುದ್ದ ದಂಟು.
ಬಸಳೆ ಚಪ್ಪರ ದಾಟಿ
ವಾರಿಜಕ್ಕನ ಬಟ್ಟೆ ಹಗ್ಗ ಹಿಡಿಯಿತು.
ಸೆವ್ರಿನ್ ಬಾಯಿ ಅದಕ್ಕೇ ಮರುವಾಯಿ ಹಾಕಿ
ಒಂದು ತಟ್ಟೆ ನನಗೂ ಕಳಿಸಿದರು.
ಮೈಮೂನಾಳ ಮಗಳು ಸಫ್ರೀನಾ ಬಸುರಿ.
"ಎಂತ ತಿಂದರೂ ವಾಂತಿ ಮಾರಾಯ್ರೆ,
ನಿಮ್ಮ ಹರಿವೆ ಒಂದು ಹೊಟ್ಟೆಯಲ್ಲಿ ನಿಲ್ತದೆ."

ನಿಲ್ತದೆ.
ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ!
ಹುಳ ತಿಂದ ಎಲೆ ಎತ್ತಿ ತೋರಿಸಿ
"ಕಂಡಿರಾ, ಮದ್ದು ಬಿಡದ್ದು" ಅಂದವನೂ ನಾನೇ.
ಪಾಪ, ಹುಳಕ್ಕೂ ಗೊತ್ತಾಗಲಿಲ್ಲ.

ಸೆವ್ರಿನ್ ಬಾಯಿಯ ಮೊಮ್ಮಗಳು ರೊವಿಟಾ
ಕಾಲೇಜಿನ ಪ್ರಾಜೆಕ್ಟಿಗೆಂದು ಚಮಚದಲ್ಲಿ ಮಣ್ಣು,
ಪ್ಲಾಸ್ಟಿಕ್ ಲಕೋಟೆಯಲ್ಲಿ ಐದು ಎಲೆ ಒಯ್ದಳು.
ತಿಂಗಳ ಮೇಲೆ ಒಂದು ಕಾಗದ ತಂದು
ಕೂತುಕೊಳ್ಳಿ ಅಂಕಲ್ ಎಂದಳು.
ಸೀಸ. ಕೆಳಗಿನ ಸಾಲಿನಲ್ಲಿ ಕ್ಯಾಡ್ಮಿಯಂ.
ಇರಬಹುದಾದದ್ದು ಇಷ್ಟು. ಇದ್ದದ್ದು ಇಷ್ಟು.
ಕಳೆಯುವ ಲೆಕ್ಕ ನನಗೆ ಬರುತ್ತದೆ.
"ತೊಳೆದರೆ?"
"ಧೂಳು ಹೋಗ್ತದೆ. ಬೇರು ಕುಡಿದದ್ದು ಹೋಗುದಿಲ್ಲ."
"ಬೇಯಿಸಿದರೆ?"
ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಶಾಲೆಯಲ್ಲಿ ನಮಗೆ ಅದು ಸೀಸದ ಕಡ್ಡಿ.
ತುದಿ ಕಚ್ಚಿದರೆ ಟೀಚರು ಗೆಣ್ಣಿಗೆ ಹೊಡೆಯುತ್ತಿದ್ದರು.
ಅದರಲ್ಲಿ ಸೀಸವೇ ಇರಲಿಲ್ಲವಂತೆ.
ಹೆಸರಿದ್ದಲ್ಲಿ ಇಲ್ಲ,
ಇದ್ದಲ್ಲಿ ಹೆಸರಿಲ್ಲ, ವಾಸನೆಯಿಲ್ಲ,
ಎಲೆ ಒಂದಿಷ್ಟೂ ಬಾಡುವುದಿಲ್ಲ.

ಬೆಳಿಗ್ಗೆ ಎಲ್ಲ ಕಿತ್ತೆ. ಬೇರಿಗೆ ಕೆಂಪು ಮಣ್ಣು,
ನಮ್ಮೂರಿನ ಎಲ್ಲ ಮಣ್ಣಿನ ಹಾಗೆಯೇ.
ಬೇಲಿಗೆ ಮೂತಿಯಿಟ್ಟು ಕಾಯುತ್ತಿದ್ದ ದನವನ್ನು
ಮೊದಲ ಬಾರಿ ಕೋಲೆತ್ತಿ ಓಡಿಸಿದೆ.
ಅದು ದೂರ ನಿಂತು ನನ್ನನ್ನೇ ನೋಡಿತು.
ಸಿಮೆಂಟು ಚೀಲದಲ್ಲಿ ತುಂಬಿ ಗೇಟಿಗೆ ತಂದರೆ
ಕಸದ ಗಾಡಿಯವನು: "ಹಸಿಯಾ, ಒಣದಾ?"
ಅವನಲ್ಲಿ ಮೂರನೆಯ ಡಬ್ಬಿ ಇರಲಿಲ್ಲ.
ಚೀಲ ಈಗಲೂ ಗೇಟಿನ ಒಳಗೇ ಇದೆ.

ಆಮೇಲೆ ಮನೆ ಮನೆಗೆ.
ವಾರಿಜಕ್ಕ ನಕ್ಕರು: "ಅರುವತ್ತೆಂಟಾಯ್ತು, ಇನ್ನೆಂತ ಆಗ್ಲಿಕ್ಕುಂಟು?"
ಸೆವ್ರಿನ್ ಬಾಯಿ ಶಿಲುಬೆ ಗುರುತು ಹಾಕಿಕೊಂಡು
ಚಾ ಇಟ್ಟರು, ಸಕ್ಕರೆ ಮರೆತರು.
ಕೊನೆಗೆ ಮೈಮೂನಾಳ ಬಾಗಿಲು.

ಮಳೆಗೂ ಲಾರಿಗೂ ಮೇಲೆ
"ರೈಟ್ ಪೋಯಿ" ಎಂದು ಕೂಗಿದ ಗಂಟಲು ಇದು.
ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೆ, ಹಳೆಯ ಅಭ್ಯಾಸ.
ಸಫ್ರೀನಾ ಹೊಟ್ಟೆಯ ಮೇಲೆ ಕೈಯಿಟ್ಟು ಬಂದಳು.
"ಇವತ್ತು ಹರಿವೆ ಇಲ್ವಾ?"

ಹೇಳಿದೆ. ರಕ್ತ ತೋರಿಸುವ, ವೆನ್ಲಾಕಿಗೆ ನಾನೂ ಬರ್ತೇನೆ,
ಆಟೋದ ದುಡ್ಡು ನನ್ನದು ಎಂದೆ.
ದುಡ್ಡಿನ ಮಾತು ಯಾಕೆ ಬಂತೋ.
ಅವಳು ಕಾಗದ ಓದಲಿಲ್ಲ, ತಿರುಗಿಸಿದಳು.
ಬೆನ್ನಿಗೆ ರಾತ್ರಿಯೆಲ್ಲ ಕೂತು ನಾನು ಬರೆದದ್ದು:
ಸಫ್ರೀನಾ. ವಾರಕ್ಕೆ ಎರಡು ಕಟ್ಟು. ಏಳು ತಿಂಗಳು.