ನಾಳೆ ಇಷ್ಟೊತ್ತಿಗೆ

ಉಣಕಲ್ಲ ಕೆರೆಯ ದಂಡೆಯಲ್ಲಿ ಮೊದಲನೇ ಬಾಟಲಿ.
ಅಂತರಗಂಗೆ ಸರಿಸಿ, ಮೊಣಕೈ ಮಟ ಇಳಿಸಿ,
ನೀರೊಳಗೇ ಮುಚ್ಚಳ ತೆಗೆದು ತುಂಬಿಕೊಂಡೆ.
ಒಂದು ಬೆಳ್ಳಕ್ಕಿ ನೋಡುತ್ತಿತ್ತು
ನಾನೂ ಮೀನಿಗೇ ಬಂದವಳೇನೋ ಎಂಬಂತೆ.

ಎರಡನೆಯದು ನಾಲಾ. ಅಲ್ಲಿ ಹುಡುಕಬೇಕಿಲ್ಲ,
ವಾಸನೆಯೇ ಮೇಲೆದ್ದು ಬಂದು ಕೈ ಹಿಡಿಯುತ್ತದೆ.

ಮೂರನೆಯದಕ್ಕೆ ರಾತ್ರಿ ಎರಡೂವರೆಯ ತನಕ ಕಾದೆ.
ಈ ಓಣಿಗೆ ನೀರು ಬರುವುದು ಒಂಬತ್ತು ದಿನಕ್ಕೊಮ್ಮೆ,
ಹೊತ್ತಲ್ಲದ ಹೊತ್ತಿಗೆ; ಮೊದಲು ಕೆಮ್ಮು, ಆಮೇಲೆ ಮಾತು.
ವಾಲ್ವ್ ತಿರುಗಿಸುವ ದಾದಾಪೀರನ ಸೈಕಲ್ಲಿನ ಸದ್ದಿಗೇ
ಕೊಡಗಳೆಲ್ಲ ಎದ್ದು ಕೂತವು.

ತುಳಸಾಬಾಯಿ ಮೆಹರವಾಡೆಯವರ ಅಂಗಳ.
ನಳ ನೆಲಕ್ಕಿಂತ ಎರಡಡಿ ಕೆಳಗೆ, ತಗ್ಗಿನಲ್ಲಿ.
ಅದಕ್ಕೆ ಮೇಲೆ ಬರುವಷ್ಟು ಕಸುವಿಲ್ಲ, ನಾವೇ ಇಳಿಯಬೇಕು.
ಸ್ಪಿರಿಟ್ಟಿನ ಹತ್ತಿ ಹೊತ್ತಿಸಿ ನಳದ ಬಾಯಿ ಸುಟ್ಟೆ.
“ಅಯ್ಯ ನಮ್ಮವ್ವ, ನೀರು ಕೊಡೋ ಬಾಯಿಗೆ ಬೆಂಕಿ ಹಚ್ಚತೀಯಲ್ಲ!”
“ನಳದ ಹೊಲಸು ಬ್ಯಾರೆ, ನೀರಿನ ಹೊಲಸು ಬ್ಯಾರೆರೀ.
ಕೂಡಿಸಿ ಬರದ್ರ ಲೆಕ್ಕ ತಪ್ಪತೈತಿ.”
“ಹಂಗಾರ ಹೇಳು, ಚಲೋ ಐತೋ ಇಲ್ಲೋ?”
“ನಾಳೆ ಇಷ್ಟೊತ್ತಿಗೆ ಹೇಳತೇನ್ರಿ.”

ಅಷ್ಟರಲ್ಲಿ ಮೊಮ್ಮಗ ಕಣ್ಣುಜ್ಜುತ್ತ ಬಂದು
ತುಂಬುತ್ತಿದ್ದ ಕೊಡಕ್ಕೇ ಲೋಟ ಅದ್ದಿ
ಗಟಗಟ ಕುಡಿದು
ಮತ್ತೆ ಮಲಗಲು ಹೋದ.

ಇದನ್ನು ಬರೆಯಲು ನನ್ನ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.

ಧಾರವಾಡದ ಲ್ಯಾಬಿನಲ್ಲಿ ಮೂವತ್ತೇಳು ಡಿಗ್ರಿ,
ನಮ್ಮ ಮೈಯ ಕಾವೇ. ಅವಕ್ಕದು ತವರು.
ಇಪ್ಪತ್ನಾಲ್ಕು ತಾಸು ಕದ ತೆಗೆಯುವಂತಿಲ್ಲ.

ತೆಗೆದಾಗ ಕೆರೆಯ ತಟ್ಟೆಯಲ್ಲಿ ಸೂಜಿ ಊರಲು ಜಾಗವಿಲ್ಲ.
‘ಎಣಿಸಲಾರದಷ್ಟು’ ಎಂದು ಬರೆದೆ.
ನಾಲಾಕ್ಕೂ ಅದೇ ಪದ.
ಇವುಗಳ ಗುಂಪಿಗೆ ಕಾಲನಿ ಅನ್ನುತ್ತೇವೆ.
ಹುಬ್ಬಳ್ಳಿಯಲ್ಲೂ ಕಾಲನಿ ಬೆಳೆಯುವುದು ಹೀಗೇ ಅಲ್ಲವೆ,
ಒಬ್ಬ ಬಂದು ಕೂತ, ಬೆಳಗಾಗುವುದರಲ್ಲಿ ಬಳಗ,
ಗಟಾರ ಮಾತ್ರ ಮುಂದಿನ ಬಜೆಟ್ಟಿಗೆ.

ನಳದ ತಟ್ಟೆಯನ್ನು ಬೆಳಕಿಗೆ ಹಿಡಿದೆ.
ಏಳು.
ಏಳೇ ಏಳು ಚುಕ್ಕೆ, ಹಸಿರು ಮಿಂಚು.
ಚಿಕ್ಕವಳಿದ್ದಾಗ ಬೆಂಕಿಪೊಟ್ಟಣದಲ್ಲಿ
ಜಾಲಿಸೊಪ್ಪು ಹಾಕಿ ಸಾಕಿದ್ದ ಜೀರಂಗಿಯ ಬೆನ್ನಿನದೇ ಹೊಳಪು.
ಒಂದು ಗಳಿಗೆ ಚೆಂದ ಅನ್ನಿಸಿತು.
ಅನ್ನಿಸಿದ್ದಕ್ಕೆ ನಾಚಿದೆ.

ನಾಲಾದ ತಟ್ಟೆಯಲ್ಲೂ ಇದೇ ಮುಖ.
ಎಂಟು ದಿನ ಖಾಲಿ ಬಿದ್ದ ಪೈಪು
ಮಣ್ಣೊಳಗೆ ಬಾಯಾರಿ, ಬಿರುಕಿಗೆ ಸಿಕ್ಕಿದ್ದನ್ನು ಹೀರಿರಬೇಕು.
ಯಾರನ್ನು ಬೈಯಲಿ? ಈ ಏಳಕ್ಕೆ
ಬೇಕಾದದ್ದು ಒಂದಿಷ್ಟು ಕಾವು, ಒಂದಿಷ್ಟು ಅನ್ನ.

ಫೋನ್ ಮಾಡಿದೆ. “ಕುದಿಸಿ ಕುಡೀರಿ.”
“ಗ್ಯಾಸಿನ ರೊಕ್ಕ ನಿಮ್ಮ ಆಫೀಸ್ ಕೊಡತೈತೇನು?”
ನಕ್ಕರು. ಆಮೇಲೆ ದನಿ ತಗ್ಗಿಸಿ,
“ಹುಡುಗ ಹುಷಾರದಾನ.
ಏಳು ಅಂದ್ರ ಭಾಳೇನವ, ಸ್ವಲ್ಪೇನು?”

ಒಂದೂ ಇರಬಾರದಿತ್ತು
ಎನ್ನಲು ಬಾಯಿ ತೆರೆದೆ.
ಆ ಕಡೆ, ಕೊಡದ ಮೇಲೆ
ಲೋಟ ಕವುಚಿಟ್ಟ ಸದ್ದು.