ಗುಂಡಿ

ರಾತ್ರಿ ಡಿಪೋದಲ್ಲಿ ನಿಲ್ಲಿಸಿದರೆ
ಬೆಳಗಾಗುವಷ್ಟರಲ್ಲಿ ಎಡಗಡೆ ಕುಸಿದಿರುತ್ತದೆ,
ಸಂತೆಯಿಂದ ನಡೆದು ಬಂದ ಎಮ್ಮೆಯ ಹಾಗೆ.
ಎಲ್ಲೋ ಸೂಜಿಮೊನೆಯಷ್ಟು ತೂತು;
ಇಡೀ ರಾತ್ರಿ ಗಾಳಿ ಸೋರಿ
ಹೊಟ್ಟೆ ನೆಲಕ್ಕೆ ಬರುತ್ತದೆ.
ಯರ್ರಿಸ್ವಾಮಿ ಇಂಜಿನ್ ಹಚ್ಚಿ, ಬೀಡಿ ಹಚ್ಚಿ,
"ಏಳವ್ವ, ಏಳು" ಅನ್ನುತ್ತಾನೆ.
ಬೀಡಿ ಮುಗಿಯುವ ಹೊತ್ತಿಗೆ ಅದು ಎದ್ದು ನಿಂತಿರುತ್ತದೆ.
ನಾನು ಯಂತ್ರಕ್ಕೆ ಹೊಸ ಸುರುಳಿ ಹಾಕಿಕೊಂಡು
ಹತ್ತುತ್ತೇನೆ. ಹತ್ತುವುದೇನು ಬಂತು,
ಹೊಸ್ತಿಲು ದಾಟಿದಷ್ಟೇ.

ಬೇರೆ ಊರಲ್ಲಿ ಹತ್ತು ವರ್ಷ ದುಡಿದು
ಬಳ್ಳಾರಿಗೆ ಬಂದ ಬಸ್ಸು ಇದು.
ಹಳೇ ಊರಿನ ಹೆಸರು ಬಣ್ಣದಡಿಯಲ್ಲಿ
ಬಿಸಿಲು ಓರೆಯಾಗಿ ಬಿದ್ದರೆ ಇನ್ನೂ ಕಾಣುತ್ತದೆ.
ಅಲ್ಲಿ ಎ.ಸಿ. ಇತ್ತಂತೆ. ಇಲ್ಲಿಯ ಮೊದಲ ಏಪ್ರಿಲ್‌ಗೆ
ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಅದಿರಿನ ಧೂಳು ಕೂತು ಅದರ ಜಾಲರಿ
ಕುಂಕುಮದ ಭರಣಿಯಾಯಿತು.

ನಮ್ಮ ರಸ್ತೆಯ ಗುಂಡಿಗಳ ಪರಿಚಯ ಅದಕ್ಕಿರಲಿಲ್ಲ.
ಸುಧಾ ಕ್ರಾಸಿನ ಉಬ್ಬಿನ ಮೇಲೆ ಹೊಟ್ಟೆ
ಕರಕರ ಕೆರೆದಾಗ ಇಡೀ ಬಸ್ಸು
ಒಂದೇ ಬಾಯಲ್ಲಿ "ಹೋತು" ಅನ್ನುತ್ತಿತ್ತು.
ಮಳೆ ಬಂದರೆ ಕೆಳಸೇತುವೆಯ ನೀರು
ಟಿಕೆಟ್ ಇಲ್ಲದೆ ಒಳಗೆ ಬಂದು
ಮುಂದಿನ ಸೀಟಿನ ಕಾಲಡಿ ನಿಲ್ಲುತ್ತಿತ್ತು.
ಸಾಹೇಬರು ಬರೆದರು: ಡೀಸೆಲ್ ಕುಡಿಯುತ್ತದೆ,
ಬಿಡಿಭಾಗ ಸಿಗುವುದಿಲ್ಲ, ಬೇಡ.
ಮಾಬುಸಾಬ್ ಏನೂ ಬರೆಯಲಿಲ್ಲ.
ಲಾರಿಯ ರಬ್ಬರು ಕೊಯ್ದು, ಸೈಕಲ್ ಟ್ಯೂಬು ಸುತ್ತಿ,
ಡಿಪೋದ ಗುಂಡಿಗೆ ಇಳಿದು
ತಲೆಯ ಮೇಲೆ ಬಸ್ಸು ಹೊತ್ತವನ ಹಾಗೆ ನಿಂತ.

ಡ್ರೈವರ್ ಮುಂದೆ ಇಪ್ಪತ್ತು ಗುಂಡಿ.
ಒಂದರ ಮೇಲೆ ಬಾಗಿದ ಬಸ್ಸಿನ ಚಿತ್ರ.
ಯಾರೋ ಅದರ ಮೇಲೆ
ಸೇಬುಹಣ್ಣಿನ ಸ್ಟಿಕ್ಕರು ಅಂಟಿಸಿದ್ದರು,
ಒತ್ತಬೇಡ ಅಂತಲೋ, ಒತ್ತುವುದಿಲ್ಲ ಅಂತಲೋ.

ಸುಂಕಮ್ಮ ಹತ್ತುವುದು ಕೌಲ್ ಬಜಾರಿನಲ್ಲಿ.
ಜೀನ್ಸ್ ಘಟಕದಲ್ಲಿ ಗುಂಡಿ ಹೊಡೆಯುವ ಕೆಲಸ,
ದಿನಕ್ಕೆ ಎಂಟುನೂರು ಸೊಂಟ.
ಬೆರಳಲ್ಲಿ ಸೋಪಿಗೂ ಹೋಗದ ನೀಲಿ.
ಎಡಗಾಲಿಗೆ ಕಬ್ಬಿಣದ ಪಟ್ಟಿ.
ಹಳೇ ಬಸ್ಸಿಗೆ ಮೂರು ಮೆಟ್ಟಿಲು:
ಮೊದಲನೆಯದಕ್ಕೆ ಕೋಲು,
ಎರಡನೆಯದಕ್ಕೆ ಯಾರದೋ ಹೆಗಲು,
ಮೂರನೆಯದಕ್ಕೆ "ಲಗೂ ಲಗೂ" ಅನ್ನುವ ಬಾಯಿ.
ಹೌದು, ಆ ಬಾಯಿ ನನ್ನದೇ.

ಆವತ್ತು ಸ್ಟಾಪಿನ ಮುಂದೆ ಪೈಪಿಗೆಂದು ಅಗೆದಿದ್ದರು.
ನೆಲ ತಗ್ಗಾಗಿ
ಬಾಗಿಲ ಅಂಚು ಮೊಣಕಾಲ ಮೇಲೆ ಬಂತು.
"ನೀವು ಹೋಗ್ರಿ, ನಾ ಆಟೋಕ್ಕ ಬರ್ತೀನಿ" ಅಂದಳು,
ಆಟೋಕ್ಕೆ ದುಡ್ಡಿಲ್ಲದವರ ದನಿಯಲ್ಲಿ.
ಯರ್ರಿಸ್ವಾಮಿ ಉಗುರಿನಿಂದ ಸೇಬು ಕೆರೆದ.
ಒತ್ತಿದ.

ಉಸ್ಸ್...
ಬಸ್ಸಿನ ಎಡಭುಜ ಇಳಿಯಿತು.
ನಿಂತವರು ಕಂಬ ಹಿಡಿದರು, ಮಂಡಕ್ಕಿ ಪೊಟ್ಟಣ ಜಾರಿತು,
"ಪಂಚರ್ರು!" ಅಂತ ಹಿಂದಿನ ಸೀಟಿನವನು ಕೂಗಿದ.
"ಕೋಲೆಬಸವ ಬಾಗಿದಂಗ ಬಾಗ್ತು" ಎಂದು
ಮುದುಕಿಯೊಬ್ಬಳು ಕೈ ಮುಗಿದಳು.
ಸುಂಕಮ್ಮ ಮುಗಿಯಲಿಲ್ಲ.
ಗಡಿಗೆ ಕೊಳ್ಳುವವರಂತೆ ಕೋಲಿನಿಂದ ಅಂಚು ತಟ್ಟಿ ನೋಡಿ
ಹತ್ತಿದಳು. ಯಾರ ಹೆಗಲೂ ಇಲ್ಲದೆ.
"ಇದು ಮೊದ್ಲಿಂದ ಇತ್ತೇನು?"
ನಾನು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟೆ.
ಇತ್ತು ಅನ್ನಲು ಬಾಯಿ ಬರಲಿಲ್ಲ.

ಆಮೇಲೆ? ಆಮೇಲೆ ಏನಿಲ್ಲ.
ದಿನಕ್ಕೊಂದು ಸಲ, ಎಂಟೂಕಾಲಿಗೆ, ಅದೇ ಜಾಗದಲ್ಲಿ.
ಬಾಗಿದಷ್ಟೂ ತೂತು ಹಿಗ್ಗುತ್ತದೆ ಅನ್ನುತ್ತಾನೆ ಮಾಬುಸಾಬ್;
ಬೆಳಿಗ್ಗೆ ಏಳಲು ಈಗ ಎರಡು ಬೀಡಿ ಬೇಕು.
ಹರಾಜಿನ ಪಟ್ಟಿಯಲ್ಲಿ ಅದರ ನಂಬರು ಬಂದಿದೆ.

ನಿನ್ನೆ ಇಳಿಯುವಾಗ ಸುಂಕಮ್ಮ
ನನ್ನ ಖಾಕಿ ನೋಡಿ "ಗುಂಡಿ ಹೋಗೈತಲ್ಲ" ಅಂದಳು.
ಚೀಲ ಕೆದಕಿ ಒಂದನ್ನು ಕೈಗಿಟ್ಟಳು,
ಹಿತ್ತಾಳೆಯದು, ದಪ್ಪ,
ನನ್ನ ಅಂಗಿಯ ಕಾಜಿಗೆ ಹಿಡಿಸದ್ದು.
ಜೇಬಿನಲ್ಲೇ ಇದೆ.
ಚಿಲ್ಲರೆ ಕೊಡುವಾಗ ಒಮ್ಮೊಮ್ಮೆ
ಐದು ರೂಪಾಯಿ ಅಂದುಕೊಂಡರೆ
ಅದೇ ಕೈಗೆ ಬರುತ್ತದೆ.